ಕಸ ಅಂತ ಕೆರೆದು ಬಿಸಾಕಿದ್ದೆ

ಡಿಸೆಂಬರ್ ಮೊದಲ ವಾರ ಮಾಗಡಿ ಕಡೆಯ ನಮ್ಮೂರಿಂದ ಅಣ್ಣ ಅವರೆಕಾಯಿ ತಂದಿದ್ದ. ಹೊಲದಲ್ಲಿ ನಿಂತು ಕಾಯಿ ಕೀಳುವಷ್ಟು ತಾಳ್ಮೆ ಅವನಿಗೆ ಯಾವತ್ತೂ ಇಲ್ಲ. ಗಿಡಗಳನ್ನೇ ಕೊಯ್ದು ಮೂಟೆ ಕಟ್ಟಿ ತಂದ. ವಿಜಯನಗರದ ನಮ್ಮ ಮನೆ ಹಜಾರದಲ್ಲಿ ಸುರಿದು, ಕಾಫಿ ಕುಡಿದು ಹೊರಟುಬಿಟ್ಟ. ನಾನೂ ಅತ್ತೆಯೂ ಹಳೇ ಪೇಪರ್ ಹಾಸಿಕೊಂಡು ಬಿಡಿಸಲು ಕೂತೆವು. ಸಂಜೆಗೆ ಹಿತಕಿದ ಬೇಳೆ ಸಾರು ಅಂತ ಆಗಲೇ ತೀರ್ಮಾನ ಆಗಿತ್ತು.

ಗಿಡದ ಕಾಂಡಕ್ಕೆ ಹುರುಳಿಕಾಳಿನಷ್ಟೇ ದಪ್ಪದ ಹುಳುಗಳು ಸಾಲಾಗಿ ಅಂಟಿಕೊಂಡಿದ್ದವು. ಮಾಸಲು ಹಸಿರು ಬಣ್ಣ, ಮೈ ತುಂಬಾ ಕಂದು ಚುಕ್ಕಿ, ಹಿಂಭಾಗ ಚಾಕುವಿನಲ್ಲಿ ಕತ್ತರಿಸಿದ ಹಾಗೆ ಮೊಂಡು. ಒಂದನ್ನು ಹಿಡಿದೆ. ಬೆರಳಿಗೆ ಹಳದಿ ರಸ ಮೆತ್ತಿಕೊಂಡಿತು. ಆ ವಾಸನೆ ಎರಡು ಸಲ ಸೋಪು ಹಾಕಿದರೂ ಹೋಗಲಿಲ್ಲ. ಕಲೆ ಮೂರು ದಿನ ಇತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕೀಟದ ಜೀವನಚಕ್ರ ಅಂದರೆ ಪ್ರತಿ ವರ್ಷ ಅದೇ ಚಿಟ್ಟೆ, ಅದೇ ರೇಷ್ಮೆ ಹುಳು. ಮೊಟ್ಟೆ, ಹುಳು, ಕೋಶ, ಚಿಟ್ಟೆ ಅಂತ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ಈ ಹುಳುವಿನ ಹಾಗೆ ಕೋಶವೇ ಇಲ್ಲದ ಕೀಟವನ್ನು ಸಾಕಿ ತೋರಿಸಿದರೆ ಹೇಗೆ ಅನ್ನಿಸಿತು. ಹನ್ನೆರಡು ಹುಳುಗಳನ್ನು ಸ್ವೀಟ್ ಡಬ್ಬಿಗೆ ಹಾಕಿ ಮುಚ್ಚಳಕ್ಕೆ ತೂತು ಮಾಡಿದೆ.

"ಏನಮ್ಮಾ ಅದು?" ಅಂದರು ಅತ್ತೆ.

"ತಿಗಣೆ ಅತ್ತೆ. ಅವರೆ ತಿಗಣೆ."

ಹಾಗೆ ಹೇಳಬಾರದಿತ್ತು. ಊರಲ್ಲಿ ಗಿಡದ ರಸ ಹೀರುವ ಹುಳುಗಳಿಗೂ ತಿಗಣೆ ಅಂತಲೇ ಅನ್ನುತ್ತೇವೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಅತ್ತೆಗೆ ತಿಗಣೆ ಅಂದರೆ ಮಂಚದ್ದು ಮಾತ್ರ. "ಜನ ದುಡ್ಡು ಕೊಟ್ಟು ಓಡಿಸ್ತಾರೆ, ನೀನು ಸಾಕ್ತೀಯಾ?" ಅಂತ ಅವತ್ತೇ ಡಬ್ಬಿಯನ್ನು ತಾರಸಿಗೆ ಕಳಿಸಿದರು.

ಹುಳು ಸಾಕೋದು ನನಗೆ ಹೊಸದಲ್ಲ ಅಂದುಕೊಂಡಿದ್ದೆ. ತವರಿನಲ್ಲಿ ರೇಷ್ಮೆ ಇತ್ತು. ಅಮ್ಮನ ಮೊದಲ ಕಾನೂನು ಶುಚಿ. ಒಂದು ಬೆಳೆ ಮುಗಿದರೆ ಹುಳು ಮನೆಗೆಲ್ಲ ಬ್ಲೀಚಿಂಗ್ ಪೌಡರ್ ನೀರು. ಕೈ ಕಾಲು ತೊಳೆಯದೆ ಒಳಗೆ ಕಾಲಿಟ್ಟರೆ ಬೈಗುಳ. ಹಿಕ್ಕೆ ಒಂದು ಹೊತ್ತು ಜಾಸ್ತಿ ಉಳಿದರೂ ರೋಗ ಬರುತ್ತದೆ ಅನ್ನುವ ಭಯ. ಗಂಟು ರೋಗ ಅಂತೂ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಬರುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಅದಕ್ಕೆ ದಾರಿ ಹುಡುಕಿದರು. ಮೊಟ್ಟೆ ಇಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶ ಮಾಡೋದು. ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಈಗಲೂ ತಾಯಿ ಚಿಟ್ಟೆ ಪರೀಕ್ಷೆ ಇದೆ. ತಾಯಿ ಮೊಟ್ಟೆಗೆ ಅಂಟಿಸೋದೆಲ್ಲ ಅಪಾಯ, ತೊಳೆದು ತೆಗೆಯಬೇಕು. ಈ ಪಾಠ ನನ್ನ ಕೈಯಲ್ಲೇ ಕೂತುಬಿಟ್ಟಿತ್ತು.

ತಾರಸಿಯ ನಾಲ್ಕು ಕುಂಡಗಳಲ್ಲಿ ಆಗಲೇ ಅವರೆ ಇತ್ತು. ಹಿಂದಿನ ವರ್ಷ ಜಿಕೆವಿಕೆ ಕೃಷಿ ಮೇಳದಲ್ಲಿ ಕೊಂಡ ಹೆಬ್ಬಾಳ ಅವರೆ-4ರ ಬೀಜ. ಊರಿನ ಹಳೇ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಇದಕ್ಕೆ ಆ ಹಟ ಇಲ್ಲ, ಯಾವ ತಿಂಗಳಲ್ಲಿ ಬಿತ್ತಿದರೂ ಬರುತ್ತದೆ. ವರ್ಷಪೂರ್ತಿ ಹುಳುವಿಗೆ ಮೇವು ಬೇಕು ಅನ್ನುವವರಿಗೆ ಇದೇ ಸರಿ. ಒಂದು ಕುಂಡಕ್ಕೆ ಬಿದಿರು ಕಡ್ಡಿ ನೆಟ್ಟು, ಹಳೇ ಸೊಳ್ಳೆ ಪರದೆ ಸುತ್ತಿ, ಬುಡದಲ್ಲಿ ದಾರ ಬಿಗಿದೆ. ಹನ್ನೆರಡೂ ಒಳಗೆ ಹೋದವು.

ಐದನೇ ದಿನ ಎಳೆ ಎಲೆಯ ಅಡಿ ಮೊಟ್ಟೆ ಕಂಡಿತು. ಬಿಳಿ ಪೀಪಾಯಿಗಳನ್ನು ಎರಡು ಸಾಲಿನಲ್ಲಿ ಒತ್ತಾಗಿ ಮಲಗಿಸಿದ ಹಾಗೆ. ಎಣಿಸಿದೆ, 24. ಆದರೆ ಎಲೆ ಬಾಡುತ್ತಿತ್ತು, ಅಂಚಿನಲ್ಲಿ ಬೂಷ್ಟು ಶುರುವಾಗಿತ್ತು. ತಡ ಮಾಡಿದರೆ ಎಲ್ಲ ಹಾಳು ಅಂತ ಎಲೆಯನ್ನು ನೆನೆಸಿ, ಬಣ್ಣದ ಕುಂಚದಿಂದ ಮೊಟ್ಟೆಯ ಸಾಲನ್ನು ನಿಧಾನಕ್ಕೆ ಎಬ್ಬಿಸಿದೆ. ತಳದಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಉಂಡೆಗಳು ಅಂಟಿದ್ದವು. ಹಿಕ್ಕೆ ಇರಬೇಕು, ಇಲ್ಲ ಬೂಷ್ಟಿನದೇ ಏನೋ ಇರಬೇಕು ಅಂದುಕೊಂಡೆ. ಭೂತಕನ್ನಡಿ ಹಿಡಿದು, ಸೂಜಿಯ ಮೊನೆಯಿಂದ ಒಂದೊಂದನ್ನೇ ಕೆರೆದು ತೆಗೆದೆ. ಅರ್ಧ ಗಂಟೆ ಹಿಡಿಯಿತು. ಎಷ್ಟು ನೀಟಾಗಿ ಮಾಡಿದೆ ಅಂದರೆ ಫೋನಿನಲ್ಲಿ ಫೋಟೋ ಬೇರೆ ತೆಗೆದಿಟ್ಟುಕೊಂಡೆ, ಕೆರೆಯೋ ಮೊದಲು ಒಂದು, ಆಮೇಲೆ ಒಂದು.

ಮೊಟ್ಟೆ ಕಂಡ ಆರನೇ ದಿನಕ್ಕೆ 21 ಮರಿ ಹೊರಬಂದವು. ಮನೆಯಲ್ಲಿ ಘೋಷಣೆ ಮಾಡಿದೆ. ಯಾರೂ ಎದ್ದು ನೋಡಲು ಬರಲಿಲ್ಲ, ಆ ಮಾತು ಬೇರೆ.

ಮರಿಗಳು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಮೊಟ್ಟೆಯ ಸಿಪ್ಪೆ ಸುತ್ತ ಮೂತಿ ತೂರಿಸಿ ಏನೋ ಹುಡುಕುವುದು, ದೂರ ಹೋಗುವುದು, ಮತ್ತೆ ಬರುವುದು. ಎಳೆ ಚಿಗುರು ಪಕ್ಕದಲ್ಲೇ ಇತ್ತು. ಅದರ ಮೇಲೆ ಹತ್ತಿ ಇಳಿದರೇ ವಿನಾ ನೆಮ್ಮದಿಯಾಗಿ ಕೂರಲಿಲ್ಲ. ಮಾರನೇ ದಿನವೂ ಅದೇ ಓಡಾಟ. ವಾರ ಕಳೆಯುವ ಹೊತ್ತಿಗೆ ಹನ್ನೊಂದು ಉಳಿದವು, ಎರಡು ವಾರಕ್ಕೆ ನಾಲ್ಕು. ಆ ನಾಲ್ಕೂ ಸೊರಗಿ, ಬಿಳಿಚಿಕೊಂಡಿದ್ದವು. ಡಬ್ಬಿ ಕೊಳಕಾಯಿತೇನೋ ಅಂತ ನಾನು ದಿನಕ್ಕೆ ಎರಡು ಸಲ ಒರೆಸಿದೆ. ಕೊನೆಗೆ ಒಂದೂ ಉಳಿಯಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಕೀಟಶಾಸ್ತ್ರ ಓದಿ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ಬೆಳಗ್ಗೆ ಹಾಲು ತರುವಾಗ ಸಿಕ್ಕರು. ಫೋಟೋ ತೋರಿಸಿದೆ. ಕೆರೆದ ಮೇಲಿನ ಫೋಟೋವನ್ನು ಅವರು ದೊಡ್ಡದು ಮಾಡಿ, ಆ ಕಡೆ ಈ ಕಡೆ ಸರಿಸಿ ನೋಡಿದರು.

"ಕೆಳಗಡೆ ಕಂದು ಗುಳಿಗೆಗಳು ಇರಬೇಕಲ್ವಾ ಮೇಡಂ?"

"ಕ್ಲೀನ್ ಮಾಡಿದೆ ಸರ್."

ಹಾಲಿನ ಪ್ಯಾಕೆಟ್ ಕೈ ಬದಲಾಯಿಸಿ ಹಿಡಿದುಕೊಂಡರು. "ಅಯ್ಯೋ, ಅದು ಅವುಗಳಮ್ಮ ಕಟ್ಟಿಟ್ಟ ಬುತ್ತಿ. ಅದನ್ನೇ ಬಿಸಾಕಿದ್ರಲ್ಲಾ."

ಆಮೇಲೆ ಹಾಲು ಒಡೆಯುವವರೆಗೆ ಮಾತಾಡಿದೆವು. ನಿಜವಾಗಿಯೂ ಒಡೆಯಿತು.

ಈ ಹುಳುವಿನ ಹೆಸರು ಮೆಗಾಕಾಪ್ಟಾ ಕ್ರಿಬ್ರೇರಿಯಾ. ಇದು ಗಿಡದ ರಸ ಬಿಟ್ಟು ಬೇರೆ ತಿನ್ನುವುದಿಲ್ಲ. ಆ ರಸದಲ್ಲಿ ಸಕ್ಕರೆ ಇದೆ, ಮೈ ಬೆಳೆಯಲು ಬೇಕಾದ ಅಮೈನೋ ಆಮ್ಲಗಳು ತೀರಾ ಕಡಿಮೆ. ಅದನ್ನು ತಯಾರಿಸಿ ಕೊಡುವುದು ಹುಳುವಿನ ಕರುಳಲ್ಲಿ ವಾಸ ಮಾಡುವ ಇಷಿಕಾವೆಲ್ಲಾ ಅನ್ನುವ ಬ್ಯಾಕ್ಟೀರಿಯಾ. ಮರಿ ಹುಟ್ಟುವಾಗ ಅದರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ಅದಕ್ಕೇ ತಾಯಿ ತನ್ನ ಕರುಳಿನ ಒಂದು ಭಾಗದಲ್ಲಿ ಬ್ಯಾಕ್ಟೀರಿಯಾವನ್ನು ಅಂಟಿನಂಥ ವಸ್ತುವಿನಲ್ಲಿ ಹುದುಗಿಸಿ, ಮೇಲೆ ಕಂದು ಹೊದಿಕೆ ಹಾಕಿ, ಮೊಟ್ಟೆ ಇಡುವಾಗ ಅದರ ಅಡಿಗೆ ಅಂಟಿಸುತ್ತದೆ. ಮೂರು ನಾಲ್ಕು ಮೊಟ್ಟೆಗೆ ಒಂದು ಗುಳಿಗೆ ಲೆಕ್ಕ. ಮರಿ ಹೊರಬಂದ ಕೂಡಲೇ ಮಾಡುವ ಮೊದಲ ಕೆಲಸ ಆ ಗುಳಿಗೆಗೆ ಮೂತಿ ಚುಚ್ಚಿ ಹೀರುವುದು. ನನ್ನ 21 ಮರಿಗಳು ಹುಡುಕುತ್ತಿದ್ದದ್ದು ಅದನ್ನೇ.

ಇದನ್ನೆಲ್ಲ ಬಿಡಿಸಿ ನೋಡಿದವರು ಜಪಾನಿನ ತ್ಸುಕುಬಾದಲ್ಲಿ ತಕೆಮಾ ಫುಕಾತ್ಸು, ತಕಾಹಿರೋ ಹೊಸೊಕಾವಾ, ಯೋಶಿತೊಮೊ ಕಿಕುಚಿ ಮತ್ತು ಅವರ ಜೊತೆಯವರು. ಗುಳಿಗೆ ಸಿಗದ ಮರಿ ಅಲೆದಾಡುತ್ತದೆ, ಸಿಕ್ಕ ಮರಿ ಸುಮ್ಮನೆ ಗುಂಪಾಗಿ ಕೂರುತ್ತದೆ ಅಂತ 2008ರಲ್ಲಿ ಬರೆದಿದ್ದಾರೆ. ನಾನು ಅದನ್ನು ಓದಿದ್ದು ಮರಿಗಳೆಲ್ಲ ಸತ್ತ ಮೇಲೆ. 2007ರಲ್ಲಿ ಅವರು ಮಾಡಿದ್ದು ಇನ್ನೂ ಮಜಾ. ಸೋಯಾ ಬೆಳೆಗೆ ಕಾಟ ಕೊಡುವ ಇದರ ದಾಯಾದಿ ಜಾತಿಯೊಂದು ಅಲ್ಲಿದೆ. ಎರಡರ ಗುಳಿಗೆಗಳನ್ನು ಅದಲು ಬದಲು ಮಾಡಿದರು. ಬೆಳೆಯ ಮೇಲೆ ಚೆನ್ನಾಗಿ ಬದುಕುವ ಶಕ್ತಿಯೂ ಅದಲು ಬದಲಾಯಿತು! ಅಂದರೆ ಯಾರು ಪೀಡೆ, ಯಾರು ಪಾಪದವರು ಅನ್ನುವುದು ಹುಳುವಿಗಿಂತ ಅದರ ಗುಳಿಗೆಯಲ್ಲಿತ್ತು. ಈ ಹುಳುಗಳು 2009ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಾಣಿಸಿಕೊಂಡು ಅಲ್ಲಿನ ಸೋಯಾ ಹೊಲಗಳಿಗೂ ಹಬ್ಬಿದವು. ನಮ್ಮ ಅವರೆ ಹುಳುವಿಗೆ ಅಷ್ಟು ದೂರದ ಪ್ರಯಾಣ.

ಹುಳು ಇಲ್ಲದೆ ಆ ಬ್ಯಾಕ್ಟೀರಿಯಾಕ್ಕೂ ಬದುಕಿಲ್ಲ. ಹುಳುವಿನ ಹೊರಗೆ ಅದನ್ನು ಬೆಳೆಸಲು ಆಗುವುದಿಲ್ಲ. ನಮ್ಮ ಕರುಳಿನ ಇ. ಕೋಲೈಗೆ ದೂರದ ಸಂಬಂಧಿ ಅದು. ಇ. ಕೋಲೈ ಜೀನೋಮಿನಲ್ಲಿ ಸುಮಾರು 46 ಲಕ್ಷ ಡಿಎನ್‌ಎ ಅಕ್ಷರ ಇದ್ದರೆ ಇದರದು ಬರೀ ಏಳೂವರೆ ಲಕ್ಷದ ಹತ್ತಿರ. ಮಿಕ್ಕದ್ದೆಲ್ಲ ಕಳೆದುಕೊಂಡಿದೆ. ಅಮೈನೋ ಆಮ್ಲ ಮಾಡುವ ಜೀನ್‌ಗಳನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದೆ. ಬಾಡಿಗೆ ಕೊಡುವಷ್ಟು ಸಂಪಾದನೆ ಉಳಿಸಿಕೊಂಡ ಹಾಗೆ.

ಎರಡನೇ ಸಲ ಜನವರಿ ಮಧ್ಯದಲ್ಲಿ ಶುರು ಮಾಡಿದೆ. ವಿವಿ ಪುರದಲ್ಲಿ ಅವರೆ ಮೇಳದ ಗದ್ದಲ. ಮನೆಯವರೆಲ್ಲ ಅವರೆ ಜಾಮೂನು ತಿನ್ನಲು ಹೋದಾಗ ನಾನು ತಾರಸಿಯಲ್ಲಿ ಟಾರ್ಚ್ ಹಿಡಿದು ಕೂತಿದ್ದೆ. ಮೂರು ಮೊಟ್ಟೆ ಸಾಲು ಆರಿಸಿಕೊಂಡು ಪ್ರತಿಯೊಂದನ್ನೂ ಅರ್ಧ ಮಾಡಿದೆ. ಒಂದು ಅರ್ಧಕ್ಕೆ ಗುಳಿಗೆ ಹಾಗೇ ಬಿಟ್ಟೆ, ಇನ್ನೊಂದರಿಂದ ತೆಗೆದೆ. ಆ ಕಡೆ 30 ಮೊಟ್ಟೆ, ಈ ಕಡೆ 30. ಗೊತ್ತಿದ್ದೂ ಗುಳಿಗೆ ಕೀಳುವಾಗ ಕೈ ಸ್ವಲ್ಪ ತಡೆಯಿತು. ಮೊದಲ ಸಲ ಅಷ್ಟು ಉತ್ಸಾಹದಿಂದ ಕೆರೆದಿದ್ದೆನಲ್ಲ.

ರಾತ್ರಿ ಚಳಿಗೆ ತಡವಾಗಬಹುದು ಅಂತ ಡಬ್ಬಿಗಳನ್ನು ಒಳಗೆ ತಂದು ಫ್ರಿಜ್ಜಿನ ಮೇಲೆ ಇಟ್ಟೆ, ಅಲ್ಲಿ ಸ್ವಲ್ಪ ಬೆಚ್ಚಗಿರುತ್ತದೆ. ಏಳನೇ ದಿನ ಬೆಳಗಿನ ಜಾವ ಮೊಟ್ಟೆಯ ಮುಚ್ಚಳ ತೆರೆಯಿತು. ಗುಳಿಗೆ ಇದ್ದ ಕಡೆ ಮರಿಗಳು ಹೊರಗೆ ಬಂದು, ತಿರುಗಿ, ತಲೆ ತಗ್ಗಿಸಿ ಸಾಲಿನ ಅಡಿಗೆ ಮೂತಿ ಇಟ್ಟವು. ಹಬ್ಬದ ದಿನ ಪಂಕ್ತಿಯಲ್ಲಿ ಕೂತ ಹಾಗೆ. ಹೀರಿದ ಮೇಲೆ ಖಾಲಿ ಸಿಪ್ಪೆಗಳ ಪಕ್ಕದಲ್ಲೇ ಒತ್ತೊತ್ತಾಗಿ ಕೂತುಬಿಟ್ಟವು. ಅಲ್ಲಾಡಲಿಲ್ಲ. ಇನ್ನೊಂದು ಡಬ್ಬಿಯಲ್ಲಿ ಅದೇ ಹಳೇ ಓಡಾಟ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಪಾಠ ಮಾಡುವ ಅಗತ್ಯವೇ ಇರಲಿಲ್ಲ. ಡಬ್ಬಿಗಳನ್ನು ಶಾಲೆಗೆ ತೆಗೆದುಕೊಂಡು ಹೋದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು "ಮಿಸ್, ಆ ಡಬ್ಬೀಗೂ ಒಂದು ಗುಳಿಗೆ ಹಾಕಿ ಮಿಸ್" ಅಂತ ಇಡೀ ಪೀರಿಯಡ್ ಹಿಂದೆ ಬಿದ್ದಳು. ಹಾಕಲಿಲ್ಲ. ಈಗಲೂ ಅವಳು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ.

ಮುಂದಿನದು ದಿನಾ ಒಂದೇ ಕೆಲಸ. ಎರಡು ದಿನಕ್ಕೊಮ್ಮೆ ಹೊಸ ಚಿಗುರು, ಸತ್ತವನ್ನು ತೆಗೆಯುವುದು, ಬಿಟ್ಟ ಪೊರೆ ಎಣಿಸುವುದು. ಐದು ಸಲ ಪೊರೆ ಬಿಟ್ಟರೆ ರೆಕ್ಕೆ ಬರುತ್ತದೆ. ಗುಳಿಗೆ ಇದ್ದವುಗಳಲ್ಲಿ ಮೊದಲನೆಯದು 41ನೇ ದಿನ ದೊಡ್ಡದಾಯಿತು. ಒಟ್ಟು 23 ದಡ ಸೇರಿದವು. ಇಲ್ಲದ ಕಡೆ 30ರಲ್ಲಿ ಒಂದು.

ಇಷ್ಟರಲ್ಲಿ ಇನ್ನೊಂದು ಹುಳುವೂ ಕೈ ಸೇರಿತ್ತು. ಕುಂಡದ ಅವರೆ ಕಾಯಿಯ ಮೇಲೆ ಉದ್ದನೆಯ, ಕಂದು, ಹಿಂಗಾಲು ದಪ್ಪನೆಯ ತಿಗಣೆ. ರಿಪ್ಟೋರ್ಟಸ್ ಅಂತ ಅದರ ಹೆಸರು. ನಾನು ಸರ್ ಮನೆಗೆ ಓಡಿದೆ. "ಇದೂ ಗುಳಿಗೆ ಇಡುತ್ತಾ?" ಇಲ್ಲವಂತೆ. ಇದರ ತಾಯಿ ಮಕ್ಕಳಿಗೆ ಏನೂ ಕೊಡುವುದಿಲ್ಲ. ಪ್ರತಿ ತಲೆಮಾರಿನ ಮರಿಯೂ ತನಗೆ ಬೇಕಾದ ಬ್ಯಾಕ್ಟೀರಿಯಾವನ್ನು ಮಣ್ಣಿನಿಂದ ತಾನೇ ಹುಡುಕಿಕೊಳ್ಳಬೇಕು, ಮುಖ್ಯವಾಗಿ ಮೊದಲ ಪೊರೆ ಬಿಟ್ಟ ಮೇಲಿನ ಎರಡನೇ ಹಂತದಲ್ಲಿ. ಕಿಕುಚಿ ಮತ್ತು ಜೊತೆಯವರು 2007ರಲ್ಲಿ ಇದನ್ನು ತೋರಿಸಿದರು. ಬುರ್ಕ್‌ಹೋಲ್ಡೇರಿಯಾ ಅಂತ ಆಗ ಕರೆದರು, ಈಗ ಕ್ಯಾಬಲರೋನಿಯಾ ಅಂತ ಹೆಸರು ಬದಲಾಗಿದೆ. (ವಿಜ್ಞಾನಿಗಳು ಹೆಸರು ಬದಲಾಯಿಸುವ ಚಟ ಬಿಟ್ಟರೆ ಮೇಷ್ಟ್ರುಗಳಿಗೆ ಅರ್ಧ ಕೆಲಸ ಕಡಿಮೆ.) ಮಣ್ಣಿನಲ್ಲಿ ಸಾವಿರಾರು ಜಾತಿ ಬ್ಯಾಕ್ಟೀರಿಯಾ ಇವೆಯಲ್ಲ, ಇದನ್ನೇ ಹೇಗೆ ಆರಿಸುತ್ತದೆ? ಕರುಳಿನ ದಾರಿಯಲ್ಲಿ ಒಂದು ಕಡೆ ತುಂಬಾ ಕಿರಿದಾದ ಸಂದು ಇದೆ. ತಿಂಡಿಗೆ ಹಾಕುವ ಬಣ್ಣವನ್ನು ಕುಡಿಸಿದರೆ ಆ ಬಣ್ಣವೂ ಅಲ್ಲೇ ನಿಂತುಬಿಡುತ್ತದೆ. ಬಾಲ ತಿರುಗಿಸಿಕೊಂಡು ಕೊರೆದು ಹೋಗಬಲ್ಲ ಈ ಬ್ಯಾಕ್ಟೀರಿಯಾ ಮಾತ್ರ ಆ ಕಡೆ ದಾಟುತ್ತದೆ.

ಇದನ್ನು ಸಾಕುವುದು ಸುಲಭ. ಒಣ ಸೋಯಾ ಕಾಳು, ಹತ್ತಿಯಲ್ಲಿ ನೆನೆಸಿದ ನೀರು, ಅಷ್ಟೇ. ಮೊಟ್ಟೆ ಬಿಡಿಬಿಡಿಯಾಗಿ ಇಡುತ್ತದೆ. ಮರಿ ಥೇಟ್ ಇರುವೆ. ಬಣ್ಣ, ಸೊಂಟ, ನಡಿಗೆ ಎಲ್ಲ ಇರುವೆಯದೇ.

ಆ ಹೋಲಿಕೆಯೇ ಮುಳುವಾಯಿತು. ಒಂದು ಮಧ್ಯಾಹ್ನ ನಾನು ಶಾಲೆಯಲ್ಲಿದ್ದಾಗ ಅತ್ತೆ ಫ್ರಿಜ್ಜಿನ ಮೇಲೆ ಧೂಳು ಒರೆಸಿದ್ದಾರೆ. ಡಬ್ಬಿಯಲ್ಲಿ ಇರುವೆ ತುಂಬಿವೆ, ಪಾಪ ಸೊಸೆಯ ಹುಳುಗಳನ್ನೆಲ್ಲ ತಿಂದುಬಿಟ್ಟವು ಅಂದುಕೊಂಡು ಇರುವೆ ಸೀಮೆಸುಣ್ಣ ತಂದು ಸುತ್ತ ಗೆರೆ ಎಳೆದು, ಮುಚ್ಚಳ ತೆಗೆದು ಒಳಗೂ ಒಂದು ಗೆರೆ ಎಳೆದಿದ್ದಾರೆ. ಸಂಜೆ ಬಂದಾಗ ಹೆಮ್ಮೆಯಿಂದಲೇ ಹೇಳಿದರು. ಹದಿನೆಂಟು ಮರಿಗಳೂ ಅಂಗಾತ ಬಿದ್ದಿದ್ದವು. ಏನು ಹೇಳಲಿ? ಅವರು ನನಗೆ ಸಹಾಯ ಮಾಡಲು ಹೋಗಿದ್ದರು. ಸೂಜಿ ಹಿಡಿದು ಕೂತಿದ್ದ ನಾನೂ ಅದೇ ಮಾಡಿದ್ದೆ. ವಿಷಯ ತಿಳಿದ ಮೇಲೆ ಅವರ ಮುಖ ನೋಡಲಾಗಲಿಲ್ಲ. ಮಾರನೇ ದಿನ ತಾವೇ ತಾರಸಿ ಹತ್ತಿ, ಮಂಡಿ ನೋವಿನಲ್ಲೂ, ಎರಡು ದೊಡ್ಡ ಹುಳು ಹಿಡಿದುಕೊಂಡು ಬಂದರು, ಸೆರಗಿನಲ್ಲಿ ಸುತ್ತಿಕೊಂಡು.

ಮತ್ತೆ ಮೊಟ್ಟೆ, ಮತ್ತೆ ಮರಿ. ಈ ಸಲ ಎರಡು ಗುಂಪು. ಒಂದಕ್ಕೆ ಆರ್‌ಓ ನೀರು. ಇನ್ನೊಂದಕ್ಕೆ ಕುಂಡದ ಮಣ್ಣು ಒಂದು ಚಮಚ ಲೋಟದಲ್ಲಿ ನೆನೆಹಾಕಿ, ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿದ ನೀರು. ಮೊದಲ ಪೊರೆ ಬಿಟ್ಟ ಮೇಲೆ ಎರಡು ದಿನ ಅದನ್ನೇ ಕೊಟ್ಟೆ. ಕೊಡುವಾಗ ಅಮ್ಮ ನೋಡಿದ್ದರೆ ಬೆನ್ನಿಗೆ ಎರಡು ಬಿಡುತ್ತಿದ್ದಳು ಅನ್ನಿಸಿತು. ಆರ್‌ಓ ಗುಂಪು ಸಾಯಲಿಲ್ಲ, ಇದಕ್ಕೆ ಬ್ಯಾಕ್ಟೀರಿಯಾ ಇಲ್ಲದೆಯೂ ಬದುಕಲು ಆಗುತ್ತದೆ. ಆದರೆ ಗ್ರಾಫ್ ಹಾಳೆಯ ಮೇಲೆ ಇಟ್ಟು ಅಳೆದಾಗ ಅವು ಹೆಚ್ಚು ಕಡಿಮೆ 14 ಮಿಲಿಮೀಟರ್, ಮಣ್ಣಿನ ನೀರು ಕುಡಿದವು 16. ಮೊಟ್ಟೆಯೂ ಇವುಗಳದ್ದೇ ಜಾಸ್ತಿ. ಸಾಕಿದ್ದು ಒಂದು ಕಡೆ ಹತ್ತು, ಇನ್ನೊಂದು ಕಡೆ ಹನ್ನೆರಡು. ಇಷ್ಟು ಕಡಿಮೆ ಲೆಕ್ಕ ಹಿಡಿದು ನಾನು ಏನನ್ನೂ ಸಾಧಿಸಿದೆ ಅನ್ನುವಂತಿಲ್ಲ. ಕಣ್ಣಿಗೆ ಕಂಡ ವ್ಯತ್ಯಾಸ ಮಾತ್ರ ಹೇಳುತ್ತಿದ್ದೇನೆ.

ಯುಗಾದಿಗೆ ಊರಿಗೆ ಹೋದಾಗ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ, "ಇದಕ್ಕೆ ಯಾವ ಔಷಧಿ ಹೊಡೀಬೇಕು ಹೇಳು." ಆಗ ಇನ್ನೊಂದು ಸಂಗತಿ ಹೇಳಬೇಕಾಯಿತು. ಫೆನಿಟ್ರೋಥಿಯಾನ್ ಅಂತ ಒಂದು ಕೀಟನಾಶಕ. ಅದನ್ನು ಒಂದೇ ಮಣ್ಣಿಗೆ ಮತ್ತೆ ಮತ್ತೆ ಹಾಕಿದರೆ, ಆ ವಿಷವನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚುತ್ತವೆ. ಉದ್ದ ತಿಗಣೆಯ ಮರಿ ಮಣ್ಣಿನಿಂದ ಅಂಥದ್ದನ್ನೇ ಹೊಟ್ಟೆಗೆ ಸೇರಿಸಿಕೊಂಡರೆ ಆ ವಿಷ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಇದನ್ನೂ ಕಿಕುಚಿ ಅವರ ತಂಡವೇ 2012ರಲ್ಲಿ ಹೇಳಿದ್ದು. ಹುಳು ತಲೆಮಾರುಗಟ್ಟಲೆ ಕಾದು ಗಟ್ಟಿಯಾಗಬೇಕಿಲ್ಲ. ಸ್ನೇಹಿತನನ್ನು ಬದಲಾಯಿಸಿಕೊಂಡರೆ ಸಾಕು.

ಅಣ್ಣ ಸ್ವಲ್ಪ ಹೊತ್ತು ಹೊಲದ ಕಡೆ ನೋಡಿದ. "ಅಂದ್ರೆ ನಾವು ಹೊಡೆಯೋದನ್ನ ಅವು ಊಟ ಮಾಡ್ತವೆ ಅನ್ನು." ಎದ್ದು ಹೋದ. ಅವನು ಔಷಧಿ ನಿಲ್ಲಿಸಿದನೋ ಇಲ್ಲವೋ ನಾನು ಕೇಳಿಲ್ಲ.

ಗುಳಿಗೆ ಸಿಗದೆ ಬದುಕಿದ ಆ ಒಂದು ಹುಳುವಿನ ವಿಷಯ ಬಾಕಿ ಇದೆ. ಅದು ರೆಕ್ಕೆ ಪಡೆದಿದ್ದು 63ನೇ ದಿನ. ಮೈ ಪುಟ್ಟದು, ಬಣ್ಣ ನೀರು ಸೇರಿಸಿದ ಮಜ್ಜಿಗೆಯ ಹಾಗೆ. ಹೆಣ್ಣು. ಗುಳಿಗೆ ಉಂಡ ಎರಡು ಗಂಡುಗಳ ಜೊತೆ ಒಂದೇ ಕುಂಡದಲ್ಲಿ ಬಿಟ್ಟೆ. ಪಕ್ಕದ ಕುಂಡದಲ್ಲಿ ಅದರದೇ ಅಕ್ಕತಂಗಿಯರು ಸಾಲು ಸಾಲು ಮೊಟ್ಟೆ ಇಟ್ಟವು, ಪ್ರತಿ ಸಾಲಿನ ಅಡಿಯೂ ಕಂದು ಗುಳಿಗೆ. ಇದು ಇಡಲಿಲ್ಲ. ಏಪ್ರಿಲ್‌ನ ಮೊದಲ ಮಳೆ ಬಂದ ರಾತ್ರಿ ಪರದೆ ಕಿತ್ತುಹೋಗಿ ಕುಂಡವೆಲ್ಲ ನೆನೆದಿತ್ತು. ಬೆಳಗ್ಗೆ ಹೋಗಿ ನೋಡಿದೆ. ಗಂಡುಗಳು ಹಾರಿಹೋಗಿದ್ದವು. ಅದು ಮಾತ್ರ ಕಾಂಡಕ್ಕೆ ಮೂತಿ ಚುಚ್ಚಿಕೊಂಡು ಅಲ್ಲೇ ಕೂತಿತ್ತು.